ಹಲ್ಲಿನ ಡಾಕ್ಟರ ಜರ್ಮನ್ ಪಿಂಗಾಣಿ

ನಮ್ಮೂರಿನಲ್ಲಿ ನಲವತ್ತು ದಿನ ಯಾರೂ ಉಣ್ಣದ ಪಾತ್ರೆ ಮನೆ ಬಿಟ್ಟು ಹೋಗುತ್ತದೆ. ಈ ಮಾತನ್ನು ಹಲ್ಲಿನ ಡಾಕ್ಟರು ನೇಮಿರಾಜಯ್ಯನವರಿಗೆ ಅವರು ಊರಿಗೆ ಬಂದ ಮೊದಲ ದಿನವೇ, ಒಲೆ ಹಚ್ಚುವುದಕ್ಕೂ ಮುಂಚೆ ನಾನು ಹೇಳಿದ್ದೆ. ನೀನು ಹೇಳಲಿಲ್ಲ ಎಂದು ಆಮೇಲೆ ಯಾರೂ ನನ್ನ ಮೇಲೆ ಹಾಕಬಾರದಲ್ಲ. ಅವರು ನಕ್ಕರು. ನಗುವಾಗಲೂ ಅವರ ಕಣ್ಣು ನನ್ನ ಬಾಯೊಳಗೇ ಇತ್ತು. ಬಲಗಡೆಯ ದವಡೆ ಹಲ್ಲೊಂದು ಹುಳುಕಾಗಿದೆ, ಬಿಡುವಾದಾಗ ತೋರಿಸಿಕೊಳ್ಳಿ ಎಂದರು.

ನಾನು ಅನಸೂಯಾ, ಊರಿಗೆಲ್ಲ ಅನಸಕ್ಕ. ಡಾಕ್ಟರದೂ ಸೇರಿ ನಾಲ್ಕು ಮನೆಯ ಅಡುಗೆ ಮಾಡಿ ನನ್ನ ಮನೆಗೆ ಹೋಗಿ ದೋಸೆ ಹುಯ್ದು ತಿನ್ನುವವಳು. ಈ ಊರಿನಲ್ಲೇ ಹುಟ್ಟಿದ್ದರಿಂದ ಪಾತ್ರೆಗಳ ಸ್ವಭಾವ ನನಗೆ ಹೊಸದಲ್ಲ. ಬಳಸದೆ ಇಟ್ಟ ಪಾತ್ರೆ ನಲವತ್ತೊಂದನೆಯ ಬೆಳಿಗ್ಗೆ ಕಪಾಟಿನಲ್ಲಿ ಇರುವುದಿಲ್ಲ. ಯಾವ ಮನೆಯಲ್ಲಿ ಉಣ್ಣುವವರಿದ್ದು ಪಾತ್ರೆ ಕಡಿಮೆ ಬಿದ್ದಿದೆಯೋ ಅಲ್ಲಿ ಬಂದು ಕೂತಿರುತ್ತದೆ. ಹೋಗುವುದನ್ನು ಕಂಡವರಿಲ್ಲ. ಹೀಗಾಗಿ ನಮ್ಮಲ್ಲಿ ಮದುಮಗಳಿಗೆ ಪಾತ್ರೆ ಕೊಟ್ಟು ಕಳಿಸುವ ಪದ್ಧತಿಯಿಲ್ಲ, ಸೀರೆ ಕೊಡುತ್ತಾರೆ. ಪಾತ್ರೆ ಅಂಗಡಿ ಮಲ್ಲೇಶಿಯ ಮನೆಯವರು ಊಟಕ್ಕೆ ಕೂತರೆ ತುತ್ತಿಗೊಂದು ತಟ್ಟೆ ಬದಲಾಯಿಸುತ್ತಾರೆ. ಅಂಗಡಿಯ ಸರಕೆಲ್ಲ ತಿಂಗಳಿಗೊಮ್ಮೆಯಾದರೂ ಎಂಜಲಾಗಬೇಕು. ಊಟಕ್ಕೆ ಕರೆದರೆ ನಾವು ನಮ್ಮ ತಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡೇ ಹೋಗುತ್ತೇವೆ, ಉಂಡ ಮೇಲೆ ತೊಳೆದುಕೊಂಡು ತರುತ್ತೇವೆ. ಇನ್ನೊಂದು ಕಟ್ಟುಪಾಡೂ ಇದೆ: ತಾನಾಗಿ ಬಂದ ಪಾತ್ರೆಯನ್ನು ಯಾರೂ ವಾಪಸು ಕೇಳಬಾರದು. ಕೇಳಿದವರನ್ನು ಊರು ಬೈಯುವುದಿಲ್ಲ, ಆದರೆ ಅವರ ಮನೆಗೆ ಊಟಕ್ಕೆ ಯಾರೂ ಹೋಗುವುದಿಲ್ಲ.

ಡಾಕ್ಟರು ತಂದದ್ದು ಮೂರು ಮರದ ಪೆಟ್ಟಿಗೆ. ಒಳಗೆ ಭತ್ತದ ಹುಲ್ಲು, ಹುಲ್ಲಿನೊಳಗೆ ಹತ್ತಿ, ಹತ್ತಿಯೊಳಗೆ ಪಿಂಗಾಣಿ. ಜರ್ಮನಿಯ ಒಬ್ಬ ಪ್ರಭು ತನ್ನ ಅರಮನೆಯ ಊಟದ ಮನೆಗೆಂದು ಹೇಳಿ ಮಾಡಿಸಿದ್ದಂತೆ. ಹನ್ನೆರಡು ಗುಳಿ ತಟ್ಟೆ, ಹನ್ನೆರಡು ಚಪ್ಪಟೆ ತಟ್ಟೆ, ಎರಡು ದೊಡ್ಡ ಹರಿವಾಣ, ಉಪ್ಪಿಗೆ ನಾಲ್ಕು ಪುಟ್ಟ ಬಟ್ಟಲು, ಗೊಜ್ಜು ಬಡಿಸಲು ದೋಣಿಯಂಥ ಮೂತಿಯ ಒಂದು ಪಾತ್ರೆ, ಕೊನೆಗೆ ನಿಂಬೆಹಣ್ಣಿನಂಥ ಹಿಡಿಕೆಯ ಮುಚ್ಚಳವಿದ್ದ ಒಂದು ಬೋಗುಣಿ. ಎಲ್ಲ ಸೇರಿ ಮೂವತ್ತೆರಡು. ಪ್ರತಿಯೊಂದರ ತಳದಲ್ಲೂ ಕೊಕ್ಕಿನಲ್ಲಿ ಬೀಗದ ಕೈ ಕಚ್ಚಿಕೊಂಡ ನೀಲಿ ಕೊಕ್ಕರೆಯ ಮುದ್ರೆ. ಡಾಕ್ಟರು ಮದುವೆಯಾದವರಲ್ಲ. ಮೂವತ್ತೈದು ವರ್ಷ ಜನರ ಬಾಯಿ ನೋಡಿ ಬೇಸತ್ತಿದ್ದರು. ಮೂವತ್ತೆರಡೂ ನೆಟ್ಟಗಿರುವ ಬಾಯಿ ನಾನು ಜನ್ಮದಲ್ಲಿ ನೋಡಿದ್ದು ಇದೊಂದೇ ಎಂದು ಕಪಾಟಿನ ಗಾಜಿನ ಮೇಲೆ ಬೆರಳಾಡಿಸಿ ಹೇಳುತ್ತಿದ್ದರು.

ನನಗೆ ಆ ಕಪಾಟಿನ ಹತ್ತಿರ ಹೋಗಲು ಅಪ್ಪಣೆಯಿರಲಿಲ್ಲ. ಅವರೇ ಅಳಿಲಿನ ಕೂದಲ ಕುಂಚದಲ್ಲಿ ಧೂಳು ಕೊಡವುತ್ತಿದ್ದರು. ಉಗುರಿನಿಂದ ಅಂಚು ತಟ್ಟಿ, ಕಿವಿಗೊಟ್ಟು, ಬಿರುಕಿಲ್ಲ ಎಂದು ತಮಗೆ ತಾವೇ ವರದಿ ಒಪ್ಪಿಸಿಕೊಳ್ಳುತ್ತಿದ್ದರು. ಊಟ ಮಾತ್ರ ಸ್ಟೀಲ್ ತಟ್ಟೆಯಲ್ಲಿ. ಮನೆಯಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ, ಅಷ್ಟೇ. ಸೂರ್ಯ ಮುಳುಗುವುದರೊಳಗೆ ಉಂಡು ಮುಗಿಸುವ ಜೈನರು. ಐದೂವರೆಗೆ ಬಡಿಸಿದರೆ ಆರಕ್ಕೆ ನಾನು ಸೆರಗು ಕೊಡವಿ ಹೊರಡಬಹುದಿತ್ತು. ಹಾಗೆ ಹೊರಡುವಾಗಲೆಲ್ಲ ಎಷ್ಟನೇ ದಿನ ಎಂದು ಹೇಳಿ ಹೋಗುತ್ತಿದ್ದೆ. ಇವತ್ತಿಗೆ ಇಪ್ಪತ್ತೆರಡು, ಇವತ್ತಿಗೆ ಮೂವತ್ತೊಂದು. ಅವರು ಕಪಾಟಿಗೆ ಇನ್ನೊಂದು ಬೀಗ ತಂದು ಹಾಕಿದರು.

ನಲವತ್ತೊಂದನೆಯ ಬೆಳಿಗ್ಗೆ ನಾನು ಹೋದಾಗ ಎರಡೂ ಬೀಗ ಹಾಕಿದಂತೆಯೇ ಇದ್ದವು. ಒಳಗೆ ಕಪಾಟು ಬೋಳಾಗಿತ್ತು. ಡಾಕ್ಟರು ಅದರ ಎದುರು ನೆಲದ ಮೇಲೆ ಕೂತಿದ್ದರು, ಮೇಲಂಗಿಯ ಗುಂಡಿ ಹಾಕಿಕೊಳ್ಳದೆ. ನನಗೆ ಅಯ್ಯೋ ಅನ್ನಿಸಿದ್ದು ನಿಜ. ಸ್ವಲ್ಪ ನಗುವೂ ಬಂದದ್ದು ನಿಜ.

ಪೊಲೀಸ್ ಸ್ಟೇಷನ್ನಿಗೆ ಹೋದರು. ಹೆಡ್ ಕಾನ್‌ಸ್ಟೇಬಲ್ ಬೋರಲಿಂಗಯ್ಯ ದೂರು ಕೇಳುತ್ತ ಕೇಳುತ್ತ ಅವಲಕ್ಕಿ ತಿನ್ನುತ್ತಿದ್ದ. ತಿನ್ನುತ್ತಿದ್ದ ಗುಳಿ ತಟ್ಟೆಯ ಅಂಚಿನಲ್ಲಿ ಚಿನ್ನದ ಗೆರೆ, ಒಂದು ಕಡೆ ಬಣ್ಣದಲ್ಲಿ ಬರೆದ ನೊಣ. ಬೋರಲಿಂಗಯ್ಯ ಬೆಳಿಗ್ಗೆಯಿಂದ ಆ ನೊಣವನ್ನು ಓಡಿಸಲು ನೋಡಿ ಸುಸ್ತಾಗಿದ್ದ. ಡಾಕ್ಟರು ಅಳುವ ದನಿಯಲ್ಲೇ ವಿವರಿಸಿದರಂತೆ: ಒಲೆಯಲ್ಲಿ ಸುಡುವಾಗ ಹೊಳಪಿನ ಮೇಲೆ ಸಣ್ಣ ಕಲೆಯಾದರೆ, ಅದು ಕಾಣದಿರಲೆಂದು ಕಲೆಗಾರ ಅಲ್ಲೊಂದು ನೊಣವನ್ನೋ ಚಿಟ್ಟೆಯನ್ನೋ ಬರೆದುಬಿಡುತ್ತಿದ್ದ, ಅದು ದೋಷವಲ್ಲ, ದೋಷದ ಮೇಲಿನ ಜಾಣತನ. ಬೋರಲಿಂಗಯ್ಯನಿಗೆ ಇದು ಬಹಳ ಹಿಡಿಸಿತು. ದೂರು ಬರೆದುಕೊಳ್ಳಲಿಲ್ಲ. ಅವಲಕ್ಕಿ ಬೇಕಾ ಎಂದು ಕೇಳಿದ.

ಆ ಮೇಲೆ ಡಾಕ್ಟರು ಒಂದು ಉಪಾಯ ಮಾಡಿದರು. ಮನೆಮನೆಗೆ ಬಂದು ಹಲ್ಲು ಪರೀಕ್ಷೆ ಮಾಡುತ್ತೇನೆ, ಏನೂ ಕೊಡಬೇಕಿಲ್ಲ ಎಂದು ಸಾರಿಸಿದರು. ಜನಕ್ಕೂ ಗೊತ್ತಿತ್ತು, ಅವರು ನೋಡಲು ಬರುವುದು ಹಲ್ಲಲ್ಲ ಎಂದು. ಆದರೂ ಬಾಯಿ ತೆರೆದರು, ಯಾಕೆಂದರೆ ಹಲ್ಲೂ ನೋಯುತ್ತಿದ್ದವು. ಡಾಕ್ಟರು ಒಂದು ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು ದವಡೆ ನೋಡುವರು, ಓರೆಗಣ್ಣಲ್ಲಿ ಅಡುಗೆಮನೆಯ ಗೂಡು ನೋಡುವರು. ಒಂದು ಹರಿವಾಣ ಹೂವಿನ ಬೀದಿಯ ಮಾಳಿಗೆಯ ಮೇಲೆ ಸಂಡಿಗೆ ಹೊತ್ತುಕೊಂಡು ಬಿಸಿಲು ಕಾಯಿಸುತ್ತಿತ್ತು. ಉಪ್ಪಿನ ಬಟ್ಟಲೊಂದರಲ್ಲಿ ಕುಂಕುಮ. ತಟ್ಟೆಗಳು ಹದಿನೆಂಟು ಮನೆಯಲ್ಲಿ. ಎಲ್ಲವನ್ನೂ ನೋಟುಪುಸ್ತಕದಲ್ಲಿ ಬಾಯಿಯ ಚಿತ್ರ ಬರೆದು ಗುರುತು ಹಾಕಿಕೊಂಡರು: ಮೇಲಿನ ಸಾಲು ಹದಿನಾರು, ಕೆಳಗಿನ ಸಾಲು ಹದಿನಾರು.

ಗೊಜ್ಜಿನ ಪಾತ್ರೆ ಸಿಕ್ಕಿದ್ದು ನೇಯ್ಗೆಯ ಸಾವಂತ್ರಿಯ ಮನೆಯಲ್ಲಿ. ನಾನೂ ಜೊತೆಗಿದ್ದೆ. ಸಾವಂತ್ರಿ ತನ್ನ ಏಳು ತಿಂಗಳ ಮಗಳನ್ನು ಕಾಲ ಮೇಲೆ ಹಾಕಿಕೊಂಡು, ಅದರ ಮೂತಿಯಿಂದ ರಾಗಿ ಸರಿ ಕುಡಿಸುತ್ತಿದ್ದಳು. ಕೂಸಿಗೆ ಕುಡಿಸುವ ಒಳಲೆಗೆ ಹೇಳಿ ಮಾಡಿಸಿದ ಹಾಗಿದೆ ಡಾಕ್ಟ್ರೇ, ಒಂದು ತೊಟ್ಟೂ ಚೆಲ್ಲುವುದಿಲ್ಲ ಎಂದಳು. ಕೂಸು ಚಿನ್ನದ ಅಂಚನ್ನು ಕಚ್ಚಿಕೊಂಡು ಎಳೆಯುತ್ತಿತ್ತು. ಡಾಕ್ಟರ ಮುಖ ಬಿಳುಚಿಕೊಂಡಿತು. ಅದೇ ಗಳಿಗೆಯಲ್ಲಿ ಕೂಸಿನ ಬಾಯಿ ತೆರೆಯಿತು, ಕೆಳಗಡೆ ಅಕ್ಕಿ ನುಚ್ಚಿನಂಥ ಎರಡು ಹಲ್ಲು. ಅವರು ಅಂಚನ್ನು ನೋಡಲೋ ಹಲ್ಲನ್ನು ನೋಡಲೋ ತಿಳಿಯದೆ ನಿಂತುಬಿಟ್ಟರು. ಕೊನೆಗೆ, ಬೂದಿ ಹಾಕಿ ಉಜ್ಜಬೇಡಿ, ಚಿನ್ನ ಹೋಗುತ್ತೆ, ಮೆತ್ತಗಿನ ಬಟ್ಟೆಯಲ್ಲಿ ತೊಳೀರಿ ಎಂದಷ್ಟೇ ಹೇಳಿ ಈಚೆ ಬಂದರು.

ಹೀಗೆ ಹೋದಲ್ಲೆಲ್ಲ ಅವರು ಪಾಠ ಹೇಳತೊಡಗಿದರು. ಹೇಳದೆ ಇರಲು ಅವರಿಂದ ಆಗುತ್ತಿರಲಿಲ್ಲ. ಹುಣಿಸೆಹಣ್ಣು ತಾಕಿಸಬೇಡಿ, ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ ಹಾಕಿ, ಬಿಸಿ ಸಾರು ಹುಯ್ಯುವ ಮುಂಚೆ ತಟ್ಟೆಯನ್ನು ಬೆಚ್ಚಗೆ ಮಾಡಿಕೊಳ್ಳಿ. ಜನ ಕೇಳಿದರು. ಮೂವತ್ತೊಂದು ಪಾತ್ರೆಗಳ ಜಾಗ ಆರು ತಿಂಗಳಲ್ಲಿ ಗೊತ್ತಾಯಿತು. ನಿಂಬೆಹಣ್ಣಿನ ಮುಚ್ಚಳದ ಬೋಗುಣಿ ಮಾತ್ರ ಎಲ್ಲೂ ಸಿಗಲಿಲ್ಲ. ಚಿತ್ರದಲ್ಲಿ ಒಂದು ದವಡೆ ಹಲ್ಲಿನ ಜಾಗ ಖಾಲಿ ಉಳಿಯಿತು.

ಅದು ನನ್ನ ಮನೆಯಲ್ಲಿತ್ತು. ಇದನ್ನು ಈಗಲಾದರೂ ಹೇಳಿಬಿಡುತ್ತೇನೆ. ಕಪಾಟು ಖಾಲಿಯಾದ ದಿನಕ್ಕೆ ಸರಿಯಾಗಿ ಮೂರು ದಿನದ ಹಿಂದೆ ನನ್ನ ದೋಸೆ ಹಿಟ್ಟಿನ ಪಾತ್ರೆ ಒಡೆದಿತ್ತು. ಕಪಾಟು ಖಾಲಿಯಾದಂದು ಮನೆಗೆ ಹೋಗಿ ನೋಡಿದರೆ ಒಲೆಯ ಪಕ್ಕ ಈ ಮಹಾರಾಯ ಕೂತಿದ್ದಾನೆ. ಹಿಟ್ಟು ಹುದುಗು ಬಂದಾಗ ನಿಂಬೆಹಣ್ಣು ಮೆಲ್ಲಗೆ ಮೇಲೆ ಏಳುವುದನ್ನು ನೋಡಬೇಕು, ಅಷ್ಟು ಚೆಂದ. ಹೇಳೋಣ ಎಂದುಕೊಳ್ಳುತ್ತಿದ್ದೆ, ನಾಳೆ ಹೇಳೋಣ ಎಂದೂ ಅಂದುಕೊಳ್ಳುತ್ತಿದ್ದೆ. ಊರಿನ ಎಲ್ಲ ಮನೆಗೆ ಹೋದ ಡಾಕ್ಟರು ಅಡುಗೆಯವಳ ಮನೆಗೆ ಮಾತ್ರ ಬರಲಿಲ್ಲ. ಬರಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ಅದು ನನ್ನ ತಪ್ಪಲ್ಲವಲ್ಲ.

ಅಷ್ಟರಲ್ಲಿ ಪಟ್ಟಣದಿಂದ ಒಂದು ಕಾಗದ ಬಂತು. ಅಲ್ಲಿ ಪಿಂಗಾಣಿ ಸಂಗ್ರಹ ಮಾಡುವವರ ಸಂಘವೊಂದಿದೆ. ಪೂರ್ಣ ಸೆಟ್ಟು ಇಲ್ಲದವರಿಗೆ ಅಲ್ಲಿ ಸದಸ್ಯತ್ವವಿಲ್ಲ. ಡಾಕ್ಟರು ಹನ್ನೊಂದು ವರ್ಷ ಅರ್ಜಿ ಹಾಕಿ ಹನ್ನೊಂದು ಸಲ ಇಲ್ಲ ಅನ್ನಿಸಿಕೊಂಡವರು. ಈ ಸೆಟ್ಟು ಕೊಂಡ ಕೂಡಲೇ, ಊರಿಗೆ ಬರುವುದಕ್ಕೂ ಮೊದಲು, ಮೂವತ್ತೆರಡೂ ನನ್ನಲ್ಲಿವೆ ಎಂದು ಸಂಘಕ್ಕೆ ಬರೆದು ಹಾಕಿದ್ದರು. ಈಗ ಅದರ ಅಧ್ಯಕ್ಷರು ಕಮಲಾಪತಿಯವರೇ ಬಂದು ಕಣ್ಣಾರೆ ನೋಡುತ್ತಾರಂತೆ. ನೋಡಿ ಮೆಚ್ಚಿದರೆ ಸದಸ್ಯತ್ವ, ಅವರು ಬರೆಯುತ್ತಿರುವ ದೊಡ್ಡ ಪುಸ್ತಕದಲ್ಲಿ ಚಿತ್ರ. ಸುಳ್ಳೆಂದಾದರೆ ಅದೂ ಪುಸ್ತಕದಲ್ಲಿ ಬರುತ್ತದೆ.

ಡಾಕ್ಟರು ಎರಡು ದಿನ ಊಟ ಬಿಟ್ಟರು. ಉಪವಾಸ ಅವರಿಗೆ ಅಭ್ಯಾಸವಿದ್ದದ್ದರಿಂದ ನಾನು ಮೊದಲು ಗಮನಿಸಲಿಲ್ಲ. ಆಮೇಲೆ ನಾನೇ ದಾರಿ ಹೇಳಿದೆ. ಕೇಳಬಾರದು ಅಂತ ಕಟ್ಟುಪಾಡಿದೆಯೇ ಹೊರತು ಕರೆಯಬಾರದು ಅಂತಿಲ್ಲ. ಊರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕರೆಯಿರಿ, ತಟ್ಟೆ ಅವರೇ ತರುತ್ತಾರೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಿಗೆ ಕರೆದು, ದನಿ ತಗ್ಗಿಸಿ, ಇನ್ನೊಂದು ವಿಷಯ ಹೇಳಿದರು. ಉಂಡಾದ ಮೇಲೆ ತಟ್ಟೆಗಳನ್ನು ನಾವೇ ತೊಳೆದು ಕೊಡುತ್ತೇವೆಂದು ನಾನು ಎಲ್ಲವನ್ನೂ ಒಳಗೆ ತರಬೇಕು. ಹಿತ್ತಲಲ್ಲಿ ಮರದ ಪೆಟ್ಟಿಗೆಗಳೂ ಒಂದು ವ್ಯಾನೂ ಸಿದ್ಧವಿರುತ್ತವೆ. ಜನ ಎಲೆಯಡಿಕೆ ಹಾಕುವಷ್ಟರಲ್ಲಿ ಪಿಂಗಾಣಿಯೂ ಅವರೂ ಊರ ಎಲ್ಲೆ ದಾಟಿರುತ್ತಾರೆ. ಊರಿಂದಾಚೆ ಪಾತ್ರೆಗಳು ಇಟ್ಟಲ್ಲೇ ಇರುತ್ತವೆ. ಮೂವತ್ತು ಸ್ಟೀಲ್ ತಟ್ಟೆ ತರಿಸಿಟ್ಟಿದ್ದೇನೆ, ಬದಲಿಗೆ ಕೊಟ್ಟುಬಿಡಿ ಎಂದರು. ನಾನು ಹೂಂ ಎಂದೆ. ಬೋಗುಣಿ ಬಚ್ಚಿಟ್ಟವಳು ಯಾವ ಬಾಯಲ್ಲಿ ಬೇಡ ಎನ್ನಲಿ?

ಕಮಲಾಪತಿಯವರು ಊಟದ ದಿನ ಬೆಳಿಗ್ಗೆ ಕಾರಿನಲ್ಲಿ ಬಂದಿಳಿದರು. ಎಪ್ಪತ್ತರ ಹತ್ತಿರದ, ಇಸ್ತ್ರಿ ಮಾಡಿದಂಥ ಮನುಷ್ಯ. ಕಂಕುಳಲ್ಲಿ ಒಂದು ಚರ್ಮದ ಪೆಟ್ಟಿಗೆ. ಅದನ್ನು ಎಲ್ಲೂ ಬಿಟ್ಟು ಹೋಗುವುದಿಲ್ಲವಂತೆ, ರೈಲಿನಲ್ಲಿ ಅದಕ್ಕೂ ಒಂದು ಸೀಟು ಕಾದಿರಿಸುತ್ತಾರಂತೆ. ತೆರೆದು ತೋರಿಸಿದರು. ಕೆಂಪು ಮಖಮಲ್ಲಿನ ಗುಳಿಯೊಳಗೆ ಒಂದು ಪಿಂಗಾಣಿ ಕಪ್ಪು, ಜರ್ಮನಿಯ ಯಾವುದೋ ರಾಜಕುಮಾರಿ ಬಿಸಿ ಚಾಕಲೇಟು ಕುಡಿಯಲೆಂದು ಮಾಡಿದ್ದು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ತಮ್ಮ ಕೈಗೆ ಬಂದ ಮೇಲೆ ಅದಕ್ಕೆ ನೀರು ಕೂಡ ಸೋಕಿಸಿಲ್ಲ ಎಂದರು. ನಮ್ಮ ಡಾಕ್ಟರು ಉಸಿರು ಬಿಗಿಹಿಡಿದು ನೋಡಿದರು. ಅಂಥ ನೋಟ ನಾನು ಮದುವೆ ಮನೆಗಳಲ್ಲಿ ಕಂಡಿದ್ದೇನೆ.

ಹಜಾರದಲ್ಲಿ ಎರಡು ಸಾಲು ಪಂಕ್ತಿ ಹಾಕಿದೆವು. ಜನ ತಟ್ಟೆಗಳನ್ನು ತೊಳೆದು, ಒರೆಸಿ, ಡಾಕ್ಟರು ಹೇಳಿಕೊಟ್ಟ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಬೋರಲಿಂಗಯ್ಯ ತನ್ನ ನೊಣ ಎಲ್ಲರಿಗೂ ಕಾಣುವಂತೆ ತಿರುಗಿಸಿಟ್ಟುಕೊಂಡ. ಸಾವಂತ್ರಿ ಮಗಳನ್ನೂ ಒಳಲೆಯನ್ನೂ ತಂದಳು. ಹೀರೇಕಾಯಿ ಹುಳಿ, ಹೆಸರುಬೇಳೆ ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಚಕ್ಕುಲಿ, ಶಾವಿಗೆ ಪಾಯಸ ಮಾಡಿದ್ದೆ. ಪಾಯಸವನ್ನು ಬೋಗುಣಿಯಲ್ಲಿ ತುಂಬಿ, ನಿಂಬೆಹಣ್ಣಿನ ಮುಚ್ಚಳ ಮುಚ್ಚಿ, ನಾನೇ ಹೊತ್ತು ತಂದು ಪಂಕ್ತಿಯ ನಡುವೆ ಇಟ್ಟೆ. ಡಾಕ್ಟರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ನಾನು ಸೌಟಿಗಾಗಿ ಹುಡುಕುವ ನೆವ ಮಾಡಿದೆ. ಅವರು ಮೂವತ್ತೆರಡು ಎಂದು ತುಟಿಯಲ್ಲೇ ಹೇಳಿಕೊಂಡರು.

ಕಮಲಾಪತಿಯವರಿಗೆ ಊಟಕ್ಕಿಂತ ಮುದ್ರೆ ನೋಡುವ ಆತುರ. ತಟ್ಟೆ ಎತ್ತದೆ ತಳ ಕಾಣದು, ಅನ್ನವಿರುವಾಗ ತಟ್ಟೆ ಎತ್ತಲಾಗದು. ಒಬ್ಬೊಬ್ಬರ ಪಕ್ಕ ಮಂಡಿಯೂರಿ, ಬೇಗ ಉಣ್ಣಿ ಬೇಗ ಉಣ್ಣಿ ಎನ್ನುತ್ತ ಕಾದರು. ನಮ್ಮವರಿಗೆ ಅಷ್ಟು ಸಾಕಾಗಿತ್ತು. ಒಂದೊಂದು ಅಗುಳನ್ನೂ ಮೂವತ್ತೆರಡು ಸಲ ಅಗಿದರು, ಡಾಕ್ಟರೇ ಹೇಳಿಕೊಟ್ಟದ್ದು ಎಂದರು. ಇನ್ನೇನು ತಟ್ಟೆ ಬರಿದಾಗಬೇಕು, ಅನಸಕ್ಕ ಇನ್ನೊಂದು ಸೌಟು ಎಂದು ಕೂಗುವರು. ಕಮಲಾಪತಿಯವರು ತಾಳಲಾರದೆ ಬೋರಲಿಂಗಯ್ಯನ ತಟ್ಟೆಯನ್ನು ತುಂಬಿದ ಹಾಗೆಯೇ ಎತ್ತಿ, ಕೆಳಗೆ ತಲೆ ತೂರಿಸಿ ನೋಡಿದರು. ಕೊಕ್ಕರೆಯೂ ಕಂಡಿತು, ಕತ್ತಿನ ಪಟ್ಟಿಯೊಳಗೆ ಹುಳಿಯೂ ಇಳಿಯಿತು. ಆಮೇಲೆ ಒಳಲೆಗೆ ಕೈ ಹಾಕಿದರು. ಕೂಸು ಅವರ ಬೆರಳು ಕಚ್ಚಿತು. ಈಗ ಅದಕ್ಕೆ ನಾಲ್ಕು ಹಲ್ಲು.

ಎಲ್ಲ ನೋಡಿ ಮುಗಿಸಿ ಎದ್ದು ನಿಂತು, ಕತ್ತು ಒರೆಸಿಕೊಳ್ಳುತ್ತ, ಕಮಲಾಪತಿಯವರು ಸೆಟ್ಟು ಪೂರ್ಣವಾಗಿದೆ ಎಂದು ಒಪ್ಪಿಕೊಂಡರು. ಸದಸ್ಯತ್ವ ಕೊಟ್ಟೆ ಎಂದರು. ಡಾಕ್ಟರ ಕಣ್ಣು ತುಂಬಿ ಬಂತು. ಆಗ ಅಧ್ಯಕ್ಷರು ಇನ್ನೂ ಒಂದು ಮಾತು ಸೇರಿಸಿದರು, ಮೆಲ್ಲಗೆ ಹೇಳುವ ಗೋಜಿಗೂ ಹೋಗಲಿಲ್ಲ.

"ಆದರೆ ಡಾಕ್ಟರೇ, ಇವತ್ತೇ ಇದನ್ನೆಲ್ಲ ಇಲ್ಲಿಂದ ಸಾಗಿಸಿಬಿಡಿ. ಇಂಥ ಬಾಯಿಗಳಿಗೆ ಮಾಡಿದ ತಟ್ಟೆಗಳಲ್ಲ ಇವು."

ಪಂಕ್ತಿಯಲ್ಲಿ ಅಗಿಯುವ ಸದ್ದು ನಿಂತಿತು. ಡಾಕ್ಟರು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅವರಿಗೆ ಅಲ್ಲಿ ಯಾರ ಹೆಸರೂ ಸರಿಯಾಗಿ ನೆನಪಿರುತ್ತಿರಲಿಲ್ಲ, ಆದರೆ ಪ್ರತಿಯೊಬ್ಬರ ದವಡೆಯೂ ಗೊತ್ತಿತ್ತು.

"ಈ ಬಾಯಿಗಳನ್ನೆಲ್ಲ ನಾನು ಒಳಗೆ ಕೈ ಹಾಕಿ ನೋಡಿದ್ದೀನಿ," ಎಂದರು. "ನಿಮ್ಮ ಪ್ರಭುವಿನ ಬಾಯಿ ಹೇಗಿತ್ತೋ ಯಾರಿಗೆ ಗೊತ್ತು ಸ್ವಾಮಿ?"

ಅಷ್ಟು ಹೇಳಿ ನನ್ನ ಹತ್ತಿರ ಬಂದರು. ನಾನು ತಟ್ಟೆ ಎತ್ತಲು ಸೆರಗು ಕಟ್ಟಿ ನಿಂತಿದ್ದೆ. ಹಿತ್ತಲಲ್ಲಿ ವ್ಯಾನಿನವನು ಬೀಡಿ ಸೇದುವ ವಾಸನೆ ಬರುತ್ತಿತ್ತು.

"ಅನಸಕ್ಕ, ತಟ್ಟೆ ಅವರವರೇ ತೊಳ್ಕೊಳ್ಳಲಿ," ಎಂದರು. "ವ್ಯಾನಿನವನಿಗೂ ಊಟಕ್ಕಿಡಿ. ಸ್ಟೀಲ್ ತಟ್ಟೆ ಇದೆಯಲ್ಲ."

ಕಮಲಾಪತಿಯವರು ಮುಖ ಸಿಂಡರಿಸಿಕೊಂಡು ಕೊನೆಗೂ ಬಾಳೆಲೆಯ ಮುಂದೆ ಊಟಕ್ಕೆ ಕೂತರು, ಚಕ್ಕುಲಿ ಕಚ್ಚಿದರು. ಚಕ್ಕುಲಿ ಸ್ವಲ್ಪ ಗಟ್ಟಿಯಾಗಿತ್ತು ಎಂದು ಒಪ್ಪುತ್ತೇನೆ. ಅವರ ಎಲೆಗೆ ಹಾಕಿದ್ದು ಮೊದಲ ಒಬ್ಬೆಯದು, ಹಿಟ್ಟಿಗೆ ಬೆಣ್ಣೆ ಬೀಳುವ ಮುಂಚಿನದು. ಅದೇ ಯಾಕೆ ಅವರ ಎಲೆಗೆ ಬಿತ್ತು ಎಂದು ಕೇಳಿದರೆ ನಾನೇನು ಹೇಳಲಿ, ಬಡಿಸುವ ಗಡಿಬಿಡಿ. ಟಕ್ ಎಂದು ಸದ್ದಾಯಿತು. ಹೋದದ್ದು ಚಕ್ಕುಲಿಯಲ್ಲ.

ಡಾಕ್ಟರು ಅವರನ್ನು ಕುರ್ಚಿಗೆ ಒರಗಿಸಿ ಬಾಯಿ ನೋಡಿದರು. ಒಂದು ಹಲ್ಲು ಸೀಳಿತ್ತು, ಅಕ್ಕಪಕ್ಕದ ಎರಡು ಎಂದೋ ಸತ್ತು ಕೊಳೆಯುತ್ತಿದ್ದವು. ಮೂರೂ ಕೀಳಬೇಕು, ಒಸಡು ಆರಲು ಒಂದು ತಿಂಗಳು, ಅಳತೆ ತೆಗೆದು ಹೊಸ ಹಲ್ಲು ಕಟ್ಟಲು ಹತ್ತು ದಿನ ಎಂದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಪಟ್ಟಣಕ್ಕೆ ಹೋಗಿ ಮಾಡಿಸಿಕೊಳ್ಳಬಹುದೆಂದೂ ಹೇಳಿದರು. ಆದರೆ ನೋವು ಜೋರಾಗಿತ್ತು. ಹಾಗೂ ಕಮಲಾಪತಿಯವರ ಕಣ್ಣು ತಟ್ಟೆಗಳ ಮೇಲಿಂದ ಇಳಿದಿರಲಿಲ್ಲ. ಊರಲ್ಲೇ ಇದ್ದರೆ ನಾಲ್ಕಾರನ್ನಾದರೂ ಯಾರಿಂದಲಾದರೂ ಕೊಳ್ಳಬಹುದೆಂಬ ಆಸೆ. ಕಾರು ವಾಪಸು ಕಳಿಸಿ ಡಾಕ್ಟರ ಮಾಳಿಗೆಯ ಕೋಣೆಯಲ್ಲಿ ಉಳಿದರು, ಕಪ್ಪಿನ ಪೆಟ್ಟಿಗೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡು.

ಆ ಸಂಜೆಯೇ ಡಾಕ್ಟರು ಊರಿನ ನಿಯಮ ಹೇಳಿದರು. ಕಮಲಾಪತಿಯವರು ಒಂದು ಕೆನ್ನೆಯಲ್ಲಿ ಹತ್ತಿ ಇಟ್ಟುಕೊಂಡೇ ನಕ್ಕರು. ದಿನವೂ ಬೆಳಿಗ್ಗೆ ಕಾಫಿ ಕೊಡುವಾಗ ಡಾಕ್ಟರು ಹೇಳುವರು, ಆ ಕಪ್ಪಿನಲ್ಲಿ ಒಂದು ಗುಟುಕು ನೀರಾದರೂ ಕುಡಿದುಬಿಡಿ ಎಂದು. ನನ್ನ ಕಪ್ಪು ಹಾಳು ಮಾಡಿಸುವ ಹೊಟ್ಟೆಕಿಚ್ಚು ಎಂದು ಅವರು ತಿಳಿದರು. ಮನೆಯಲ್ಲಿದ್ದ ಒಂದೇ ಲೋಟ ಅತಿಥಿಗೆ ಹೋದದ್ದರಿಂದ ನಮ್ಮ ಡಾಕ್ಟರು ಕಾಫಿಯನ್ನು ಸಾರಿನ ಸೌಟಿನಲ್ಲಿ ಕುಡಿಯುತ್ತಿದ್ದರು. ಇನ್ನೊಂದು ಲೋಟ ತರಿಸಿ ಎಂದೆ. ಆಗಲಿ ನೋಡೋಣ ಎಂದರು. ಮರುದಿನವೂ ನೋಡೋಣ ಎಂದರು. ನನಗೆ ಆಗ ಅರ್ಥವಾಯಿತು.

ಕಮಲಾಪತಿಯವರು ಮನೆಮನೆ ಸುತ್ತಿದರು. ಯಾರೂ ತಟ್ಟೆ ಮಾರಲಿಲ್ಲ, ಎಲ್ಲರೂ ಗಂಜಿ ಕುಡಿಸಿ ಕಳಿಸಿದರು. ಹಲ್ಲಿಲ್ಲದವರು ಪಾಪ ಎಂದು ಸಾವಂತ್ರಿ ಕೂಸಿಗೆ ಮಾಡಿದ ರಾಗಿ ಸರಿಯಲ್ಲೇ ಪಾಲು ಕೊಟ್ಟಳು. ಬಂದಾಗ ಅವರ ಸೊಂಟ ಎಷ್ಟಿತ್ತೋ, ತಿಂಗಳಲ್ಲಿ ಅದಕ್ಕಿಂತ ಎರಡು ಬೆರಳು ಹೆಚ್ಚಾಯಿತು.

ಮೂವತ್ತೊಂಬತ್ತನೆಯ ದಿನವೂ ಡಾಕ್ಟರು ಎಚ್ಚರಿಕೆ ಹೇಳಿದರು. ನಲವತ್ತನೆಯ ದಿನ ಬೆಳಿಗ್ಗೆ ಬಾಯಿ ತೆರೆಯಲಿಲ್ಲ. ಆ ಹೊತ್ತೆಲ್ಲ ಅವರಿಗೆ ಕೂತರೆ ಆಗದು, ನಿಂತರೆ ಆಗದು. ಅವತ್ತೇ ಹೊಸ ಹಲ್ಲು ಕೂರಿಸಬೇಕಿತ್ತು. ಎರಡು ಸಲ ನಡುವೆ ನಿಲ್ಲಿಸಿ, ಕೈ ತೊಳೆದು ಬಂದು ಕೂರಿಸಿದರು. ಹೊರಡುವಾಗ ನಾನು ಸುಮ್ಮನೆ ಮುಖ ನೋಡಿದೆ.

"ಮೂವತ್ತೊಂಬತ್ತು ಸಲ ಹೇಳಿದೀನಿ ಅನಸಕ್ಕ," ಎಂದರು. "ನಲವತ್ತನೇ ಸಲ ಹೇಳಲೇಬೇಕು ಅಂತ ಎಲ್ಲಾದರೂ ಬರೆದಿದೆಯಾ?"

ಮಾರನೆಯ ದಿನ ನಾನು ಎಂದಿಗಿಂತ ಬೇಗ ಹೋದೆ. ಅಡುಗೆಮನೆಯ ಗೂಡಿನಲ್ಲಿ, ಕಾಫಿ ಫಿಲ್ಟರಿನ ಪಕ್ಕ, ಕಪ್ಪು ಕೂತಿತ್ತು. ಮಾಳಿಗೆಯಿಂದ ಇಳಿದು ಬಂದಷ್ಟೇ ದೂರ. ಬಹಳ ದಿನದಿಂದ ಅಲ್ಲೇ ಇದ್ದ ಹಾಗೆ ಹಿಡಿಯನ್ನು ಹೊರಗೆ ಮಾಡಿಕೊಂಡು ಕೂತಿತ್ತು. ಡಾಕ್ಟರು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ವರ್ಷವಾಗುತ್ತ ಬಂದಿತ್ತು ಅವರು ಊರಿಗೆ ಬಂದು. ಎಲ್ಲರ ಮನೆಗೂ ಪಾತ್ರೆ ಹೋಗಿತ್ತು, ಅವರ ಮನೆಗೆ ಒಂದೂ ಬಂದಿರಲಿಲ್ಲ. ಮುಟ್ಟಲು ಹೆದರುತ್ತಿದ್ದಾರೆಂದು ನನಗೆ ಕಂಡಿತು. ಹಾಲು ಉಕ್ಕಿತ್ತು, ಡಿಕಾಕ್ಷನ್ ಇಳಿದಿತ್ತು. ನಾನು ಕಪ್ಪನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಒರೆಸಿ, ಕಾಫಿ ಬೆರೆಸಿ ಹುಯ್ದು ಅವರ ಕೈಗಿಟ್ಟೆ.

ಮೇಲಿಂದ ಧಡಧಡ ಸದ್ದಾಯಿತು. ಕಮಲಾಪತಿಯವರು ತೆರೆದ ಪೆಟ್ಟಿಗೆ ಹಿಡಿದು ಬರಿಗಾಲಲ್ಲಿ ಇಳಿದು ಬಂದರು. ಡಾಕ್ಟರ ಕೈಯಲ್ಲಿ ಕಪ್ಪು, ಕಪ್ಪಿನಿಂದ ಹಬೆ. ಅಧ್ಯಕ್ಷರ ಹೊಸ ಹಲ್ಲು ಒಂದಕ್ಕೊಂದು ತಾಕಿ ಸದ್ದು ಮಾಡಿದವು. ಕೈ ಮುಂದೆ ಚಾಚಿದರು, ಕೇಳಲು ಬಾಯಿ ತೆರೆದರು. ನಲವತ್ತು ದಿನ ನಮ್ಮ ಮನೆಗಳಲ್ಲಿ ಉಂಡಿದ್ದರಲ್ಲ, ಏನನ್ನು ಕೇಳಬಾರದು ಎಂದು ಆಗಲೇ ಗೊತ್ತಾಗಿತ್ತು. ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತರು.

ಡಾಕ್ಟರು ಕಪ್ಪನ್ನು ತುಟಿಗೆ ತಂದರು. ಇಷ್ಟು ವರ್ಷ ಪಿಂಗಾಣಿಯನ್ನು ಪೂಜೆ ಮಾಡಿದ ಮನುಷ್ಯ ಅದರಲ್ಲಿ ಏನನ್ನಾದರೂ ಕುಡಿದದ್ದು ಅದೇ ಮೊದಲು. ಒಂದು ಗುಟುಕು, ಇನ್ನೊಂದು ಗುಟುಕು. ಕಣ್ಣು ಮುಚ್ಚಿಕೊಂಡರು. ಅರ್ಧವಾದಾಗ ಕೆಳಗೆ, ಕಮಲಾಪತಿಯವರ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತರು.

"ಎಷ್ಟು ತೆಳ್ಳಗಿದೆ ಅಂದ್ರೆ, ಕಪ್ಪು ತುಟಿಗೆ ತಾಕೋದೇ ಇಲ್ಲ. ಬರೀ ಕಾಫಿ ತಾಕುತ್ತೆ," ಎಂದರು. "ನಿಮ್ಮ ಪುಸ್ತಕದಲ್ಲಿ ಇದನ್ನ ಬರೆದಿದೀರಾ?"

ಕಮಲಾಪತಿಯವರು ತಲೆಯಾಡಿಸಿದರು, ಇಲ್ಲ ಎಂದು. ಡಾಕ್ಟರು ಉಳಿದರ್ಧವನ್ನು ಅವರ ಕೈಗೆ ಕೊಟ್ಟರು. ಎಂಜಲು ಎಂದು ಅವರು ಹಿಂಜರಿಯಲಿಲ್ಲ. ಎರಡೂ ಅಂಗೈಯಲ್ಲಿ ಕಪ್ಪನ್ನು ಹಿಡಿದು, ಬೆಳಕಿಗೆ ಎತ್ತಿ, ಪಿಂಗಾಣಿಯ ಆಚೆ ಕಾಫಿ ಎಷ್ಟು ಮಟ್ಟಕ್ಕೆ ನಿಂತಿದೆ ಎಂದು ನೋಡಿದರು. ಆಮೇಲೆ ಕುಡಿದರು. ಕೊನೆಯ ತೊಟ್ಟಿಗೆ ಕತ್ತೆತ್ತಿ ಕಾದರು. ಅಳುತ್ತಾರೋ ಏನೋ ಎಂದು ನಾನು ಸೆರಗು ಕೈಗೆ ತೆಗೆದುಕೊಂಡೆ. ಅವರು ಕಪ್ಪನ್ನು ನನ್ನ ಕಡೆಗೆ ಚಾಚಿ, ಹೊಸ ಹಲ್ಲಿನಿಂದ ಅಕ್ಷರ ಅಕ್ಷರ ಬಿಡಿಸಿ ಹೇಳಿದರು:

"ಸಕ್ಕರೆ ಸಾಲದು."

ನಾನು ಹಾಲನ್ನು ಮತ್ತೆ ಒಲೆಯ ಮೇಲಿಟ್ಟೆ. ಹಲ್ಲಿನ ಡಾಕ್ಟರೇ ಎದ್ದು ಡಬ್ಬಿ ಹುಡುಕಿ ತೆಗೆದು, ಎರಡು ಚಮಚ ಹಾಕಿಬಿಡಿ ಅನಸಕ್ಕ ಎಂದರು.